ಮುಟ್ಬೇಡಿ ಸಾಹೇಬರು ಮುಟ್ಟಿದ್ದು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ಸಂತೋಷದ ಸುದ್ದಿ. ಕೆಟ್ಟ ಸುದ್ದಿ ಬಂದಿದ್ದರೆ ರೇಂಜರು ತಲೆ ತಗ್ಗಿಸಿಕೊಂಡು ಕೂತುಬಿಡುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ.

ಸುಣ್ಣಕಲ್ಲಿನ ಆ ಬೆಟ್ಟಕ್ಕೂ ಅದರ ಹೊಟ್ಟೆಯೊಳಗಿನ ಗವಿಗೂ ಅವರು ಆರು ವರ್ಷದಿಂದ ಕಾವಲು. ಬೆಟ್ಟದಿಂದ ಯಾರೂ ಕಲ್ಲು ಹೊತ್ತೊಯ್ಯಬಾರದು, ಗವಿಯೊಳಗೆ ಯಾರೂ ಏನನ್ನೂ ಮುಟ್ಟಬಾರದು. ಬೆಳಗಿನಿಂದ ಸಂಜೆಯವರೆಗೆ ‘ಮುಟ್ಬೇಡಿ, ಮುಟ್ಬೇಡಿ’ ಎಂದು ಕೂಗಿ ಕೂಗಿ, ಊರವರ ಬಾಯಲ್ಲಿ ಅವರ ಹೆಸರೇ ‘ಮುಟ್ಬೇಡಿ ಸಾಹೇಬರು’ ಎಂದಾಗಿಹೋಗಿತ್ತು. ಅವರ ಎದುರಿಗೆ ರೇಂಜರ್ ಸಾಹೇಬ್ರೇ ಅನ್ನುತ್ತಿದ್ದರು, ಬೆನ್ನ ಹಿಂದೆ ಇದು.

ಗವಿಯ ಚಾವಣಿಯಿಂದ ತೊಟ್ಟಿಕ್ಕುವ ನೀರು ಸಾವಿರಾರು ವರ್ಷ ಸುಣ್ಣ ಕಟ್ಟಿಕೊಂಡು ಕೋಲು ಕೋಲಾಗಿ ಇಳಿಬಿದ್ದಿತ್ತು. ಅಂಥ ತೂಗುಗಲ್ಲುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ‘ಆನೆ ಸೊಂಡಿಲು’. ಟಿಕೆಟ್ಟಿನ ಮೇಲೆ ಅದರ ಚಿತ್ರ, ಇಲಾಖೆಯ ಕ್ಯಾಲೆಂಡರಿನ ಮೇಲೆ ಅದರ ಚಿತ್ರ. ರೇಂಜರಿಗೆ ಅದರ ಮೇಲೆ ಜೀವ. ಆರು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಬೆರಳು ತಾಗಿಸಿದವರಲ್ಲ. ‘ಒಂದು ಬೆರಳಿನಷ್ಟು ಬೆಳೆಯೋಕೆ ನೂರಾರು ವರ್ಷ ಬೇಕು, ನಿಮ್ಮ ತಾತನ ತಾತನೂ ಇದನ್ನ ಇಷ್ಟೇ ಉದ್ದ ನೋಡಿದ್ದು’ ಎಂದು ನೋಡಲು ಬಂದವರಿಗೆ ಹೇಳುವಾಗ ಅವರ ದನಿ ಗದ್ಗದವಾಗುತ್ತಿತ್ತು.

ಅವರ ಕಷ್ಟ ಬೇರೆಯೇ ಇತ್ತು. ಹೆಂಡತಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಮಗಳು ಅಲ್ಲೇ ಎರಡನೇ ತರಗತಿ. ಭಾನುವಾರ ಗವಿಗೆ ಜನಜಾತ್ರೆ, ಆದ್ದರಿಂದ ಇವರಿಗೆ ರಜೆ ಮಂಗಳವಾರ. ಮಂಗಳವಾರ ಹೆಂಡತಿಗೆ ಡ್ಯೂಟಿ, ಮಗಳಿಗೆ ಶಾಲೆ. ಎರಡು ಬಸ್ಸು ಬದಲಿಸಿ ಪಟ್ಟಣಕ್ಕೆ ಹೋಗಿ, ಬೀಗ ತೆಗೆದು, ಹಗಲೆಲ್ಲ ಖಾಲಿ ಮನೆ ಕಾದು, ಸಂಜೆ ಅರ್ಧ ಗಂಟೆ ಹೆಂಡತಿ ಮಗಳ ಮುಖ ನೋಡಿ ಕೊನೆಯ ಬಸ್ಸಿಗೆ ಓಡಿಬರುತ್ತಿದ್ದರು. ಕಾವಲು ಕಾಯುವುದು ರಜೆಯಲ್ಲೂ ತಪ್ಪಿರಲಿಲ್ಲ. ಪಟ್ಟಣದ ಕಚೇರಿಗೆ ವರ್ಗ ಮಾಡಿಕೊಡಿ ಎಂದು ಅವರು ಹಾಕಿದ ಅರ್ಜಿಗಳನ್ನು ತೂಕಕ್ಕೆ ಹಾಕಿದರೆ ಒಂದು ಚೀಲ ಆಗುತ್ತಿತ್ತು.

ಆವತ್ತು ಬೆಳಿಗ್ಗೆ ಒಂಬತ್ತಕ್ಕೆ, ಗವಿಯೊಳಗೆ ಸುತ್ತು ಹಾಕುತ್ತಾ ಸೊಂಡಿಲಿನ ಹತ್ತಿರ ಬಂದಾಗ ಫೋನು ಬಂತು. ಬೆಟ್ಟದ ಸುತ್ತ ಎಲ್ಲೂ ಸಿಗದ ಸಿಗ್ನಲ್ಲು ಅದ್ಯಾಕೋ ಚಾವಣಿಯ ಒಂದು ಬಿರುಕಿನಿಂದ ಇಳಿದು, ಸೊಂಡಿಲಿನ ಕೆಳಗಿನ ಕಲ್ಲಿನ ಸುತ್ತ ಮಾತ್ರ ಸಿಗುತ್ತಿತ್ತು, ಮೇಲೆ ಹತ್ತಿದರೆ ಇನ್ನೂ ಸ್ಪಷ್ಟ. ರೇಂಜರು ಕಲ್ಲು ಹತ್ತಿ, ಕಿವಿಗೆ ಅಡ್ಡವಾಗುತ್ತದೆಂದು ಹೆಲ್ಮೆಟ್ ತೆಗೆದು, ಎಂದಿನಂತೆ ಕತ್ತು ಬಗ್ಗಿಸಿ ನಿಂತರು.

“ರೀ, ಕೇಳಿಸ್ತಾ? ನಿಮ್ಮ ವರ್ಗದ ಆರ್ಡರು ಟೈಪಾಗಿದೆಯಂತೆ! ದೊಡ್ಡ ಸಾಹೇಬ್ರು ಇವತ್ತು ತಪಾಸಣೆಗೆ ಬರ್ತಾರಲ್ಲ, ಜೊತೇಲೇ ತರ್ತಾರಂತೆ. ಗವೀಲಿ ಎಲ್ಲ ಸರಿಯಾಗಿದ್ರೆ ಅಲ್ಲೇ ಸಹಿಯಂತೆ.”

“ಯಾರೇ ಹೇಳಿದ್ದು?”

“ಅವರ ಆಫೀಸಿನ ಟೈಪಿಸ್ಟು. ಇಂಜೆಕ್ಷನ್ನಿಗೆ ಬಂದಿದ್ಳು. ಸೂಜಿ ಕೈಲಿ ಹಿಡ್ಕೊಂಡೇ ಕೇಳ್ದೆ, ಎಲ್ಲ ಬಾಯಿ ಬಿಟ್ಲು.”

ರೇಂಜರು “ಹೌದಾ!” ಎಂದು ಎಗರಿದರು.

ಟಕ್ ಎಂದು ಸದ್ದಾಯಿತು. ಮೊದಲು ತಲೆಗೆ ನೋವಾಯಿತು, ಆಮೇಲೆ ಕಲ್ಲಿನ ಬುಡದಲ್ಲಿ ಏನೋ ಉರುಳಿದ್ದು ಕಾಣಿಸಿತು. ಸೊಂಡಿಲಿನ ತುದಿ. ಬರೋಬ್ಬರಿ ಒಂದು ಗೇಣು. ಕೆಳಗಿದ್ದ ಒದ್ದೆ ಮಣ್ಣಿನ ಮೇಲೆ ಬಿದ್ದದ್ದರಿಂದ ಚೂರಾಗಿರಲಿಲ್ಲ, ಅದೊಂದು ಪುಣ್ಯ.

“ರೀ? ಏನಾಯ್ತು? ಸಂತೋಷ ಆಗ್ಲಿಲ್ವ?”

“ಆಯ್ತು ಕಣೇ. ತುಂಬಾನೇ ಆಯ್ತು” ಎಂದು ರೇಂಜರು ಫೋನಿಟ್ಟರು. ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಲ್ಲಿನ ಮೇಲೆ ಕುಸಿದರು. ಸಾವಿರಾರು ವರ್ಷದ್ದು! ಎಷ್ಟೋ ರಾಜರು ಬಂದು ಹೋದರು, ಅವರ ಕಾಲಕ್ಕೂ ಮುರಿಯದ್ದು ತನ್ನ ತಲೆಗೆ ಮುರಿಯಿತಲ್ಲ. ಅವರಿಗೆ ನಿಜಕ್ಕೂ ಅಳು ಬಂತು.

ಅಳುವ ಸದ್ದು ಗವಿಯಲ್ಲಿ ಪ್ರತಿಧ್ವನಿಸಿ ಬಾಗಿಲ ಬಳಿಯ ಟಿಕೆಟ್ ಕೌಂಟರಿನವರೆಗೂ ಹೋಯಿತು. ಕೌಂಟರಿನಲ್ಲಿ ಕೂರುವ ಟಿಕೆಟ್ ಅಕ್ಕ, ಊರಿನ ಯಾರ ಮನೆಯ ಕಷ್ಟವನ್ನೂ ತನ್ನದೆಂದೇ ತಿಳಿದು ನುಗ್ಗುವ ಹೆಂಗಸು, ಟಾರ್ಚು ಹಿಡಿದು ಓಡಿಬಂದಳು. ನೋಡಿದಳು. ಬಾಯಿ ಮೇಲೆ ಕೈಯಿಟ್ಟಳು.

“ಅಯ್ಯಯ್ಯೋ ಸಾಹೇಬ್ರೇ! ದೊಡ್ಡ ಸಾಹೇಬ್ರು ಮೂರು ಗಂಟೆಗೆ ಬರ್ತಾರೆ!”

“ಗೊತ್ತಮ್ಮಾ. ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ” ಎಂದು ಹೋದವಳು ಕಾಲು ಗಂಟೆಯಲ್ಲಿ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದಳು.

ಊರಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿತ್ತು. ಹೋದ ತಿಂಗಳಷ್ಟೇ ಮೀಸಲು ಬೆಟ್ಟದ ಕಲ್ಲು ಸಾಗಿಸಿದ್ದಕ್ಕೆ ಮೇಸ್ತ್ರಿಯ ಗಾಡಿಯನ್ನು ರೇಂಜರು ಹಿಡಿದುಹಾಕಿದ್ದರು. ಮೇಸ್ತ್ರಿ ಸೊಂಡಿಲನ್ನು ನೋಡಿದ, ರೇಂಜರ ತಲೆಯ ಮೇಲೆ ಎದ್ದಿದ್ದ ಬುಗುಟನ್ನು ನೋಡಿದ, ನಿಧಾನವಾಗಿ ಗೋಡೆಗೊರಗಿ ನಿಂತುಕೊಂಡ.

“ಒಂದು ಬುಟ್ಟಿ ಕಲ್ಲಿಗೆ ನನ್ನ ಗಾಡಿ ಹಿಡಿದು ಹಾಕಿದ್ರಿ ಸಾಹೇಬ್ರೇ. ಇದಕ್ಕೀಗ ಯಾರನ್ನ ಹಿಡಿದು ಹಾಕೋದು?”

“ಮೇಸ್ತ್ರಿ, ಅದೆಲ್ಲ ಹೊಟ್ಟೆಗೆ ಹಾಕ್ಕೊಳಪ್ಪ.”

“ಹಾಕ್ಕೊಂಡೆ. ಒಂದು ಸಲ ‘ಮುಟ್ಟು ಮೇಸ್ತ್ರಿ’ ಅನ್ನಿ, ಕೇಳೋಣ.”

ರೇಂಜರು ಸುತ್ತ ನೋಡಿ, ದನಿ ತಗ್ಗಿಸಿ, “ಮುಟ್ಟು ಮೇಸ್ತ್ರಿ” ಎಂದರು. ಟಿಕೆಟ್ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೇಸ್ತ್ರಿ ಸಿಮೆಂಟು ಕಲಸಿ ಅಂಟಿಸಿದ. ಗವಿಯ ಒದ್ದೆಗೆ ಅದು ಹಿಡಿಯಲಿಲ್ಲ. ಮೊದಲ ಸಲ ಹತ್ತು ನಿಮಿಷಕ್ಕೆ ಜಾರಿತು, ರೇಂಜರು ಹಾರಿ ಹಿಡಿದರು. ಎರಡನೇ ಸಲ ಅರ್ಧ ಗಂಟೆ ನಿಂತಿತು, ಆದರೆ ತಿರುಗುಮುರುಗಾಗಿ. ಆನೆ ಯಾರನ್ನೋ ನೋಡಿ ಮುಖ ತಿರುಗಿಸಿದ ಹಾಗೆ ಸೊಂಡಿಲು ಪಕ್ಕಕ್ಕೆ ಹೊರಳಿತ್ತು. ಅದನ್ನು ಕಿತ್ತು, ಸಿಮೆಂಟು ಕೆರೆದು ತೊಳೆಯುವಷ್ಟರಲ್ಲಿ ಹನ್ನೆರಡು ದಾಟಿತು.

“ನಮ್ಮ ದೊಡ್ಡಮ್ಮನ ಮಗನ್ನ ಕರೀಲಾ?” ಎಂದಳು ಟಿಕೆಟ್ ಅಕ್ಕ.

“ಅವನೇನು ಮಾಡ್ತಾನೆ?”

“ಹಲ್ಲಿನ ಡಾಕ್ಟರು.”

“ಹಲ್ಲಿಗೂ ಇದಕ್ಕೂ ಏನಮ್ಮಾ ಸಂಬಂಧ?”

“ಬಾಯೊಳಗೆ ಹಗಲೂ ರಾತ್ರಿ ಒದ್ದೆ. ಅಲ್ಲಿ ನಿಲ್ಲೋದು ಇಲ್ಲಿ ನಿಲ್ಲಲ್ವ?”

ಆರು ವರ್ಷದಲ್ಲಿ ಆ ಗವಿಯೊಳಗೆ ಯಾರೂ ಇಷ್ಟು ಸರಿಯಾದ ಮಾತು ಆಡಿರಲಿಲ್ಲ. ಡಾಕ್ಟರು ಸ್ಕೂಟರಿನಲ್ಲಿ ಪೆಟ್ಟಿಗೆ ಸಮೇತ ಬಂದ. ಕಲ್ಲು ಹತ್ತಿ, ಹಣೆಗೆ ದೀಪ ಕಟ್ಟಿಕೊಂಡು, ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿದ.

“ಬೇರು ಗಟ್ಟಿಯಾಗಿದೆ. ತುದಿ ಮಾತ್ರ ಹೋಗಿದೆ. ಉಳಿಸ್ಕೋಬಹುದು.”

ರೇಂಜರು ಆಸ್ಪತ್ರೆಯ ವರಾಂಡದಲ್ಲಿ ನಿಂತವರ ಹಾಗೆ ಕೈ ಮುಗಿದರು. ಡಾಕ್ಟರು ಗಾಳಿ ಊದಿ ಒಣಗಿಸಿ, ಹಲ್ಲಿನ ಸಿಮೆಂಟು ಹಚ್ಚಿ, ತುದಿಯನ್ನು ನೆಟ್ಟಗೆ ಕೂರಿಸಿ, “ಅರ್ಧ ಗಂಟೆ ಹೀಗೇ ಒತ್ತಿ ಹಿಡ್ಕೊಂಡಿರಿ, ಒಂಚೂರೂ ಅಲ್ಲಾಡಬಾರದು. ಇವತ್ತೊಂದಿನ ಗಟ್ಟಿ ಪದಾರ್ಥ ತಿನ್ನೋದು ಬೇಡ” ಎಂದ. ಕೊನೆಯ ಮಾತು ಬಾಯಿಪಾಠ ಇರಬೇಕು. ಪೆಟ್ಟಿಗೆ ಮುಚ್ಚಿ ಹೊರಟ. ಮೇಸ್ತ್ರಿಗೆ ಇನ್ನು ಮಾಡಲು ಏನೂ ಇರಲಿಲ್ಲ, ಆದರೂ ಅವನು ಹೋಗಲಿಲ್ಲ.

ರೇಂಜರು ಎರಡೂ ಕೈ ಮೇಲೆತ್ತಿ ಸೊಂಡಿಲು ಹಿಡಿದು ನಿಂತು ಐದು ನಿಮಿಷವಾಗಿರಬೇಕು, ಬಾಗಿಲ ಕಡೆಯಿಂದ ಕಲರವ ಕೇಳಿಸಿತು. ಮೊದಲೇ ಹೇಳಿ ಗೊತ್ತು ಮಾಡಿಕೊಂಡಿದ್ದ ಶಾಲೆಯ ಮಕ್ಕಳು. ಮೂವತ್ತೆರಡು ಜನ, ಒಬ್ಬರು ಟೀಚರು. ಟಿಕೆಟ್ ಅಕ್ಕ ತಡೆಯುವಷ್ಟರಲ್ಲಿ ಸಾಲಾಗಿ ಒಳಗೆ ಬಂದು ಅವರ ಸುತ್ತ ನಿಂತುಬಿಟ್ಟರು.

“ಮಕ್ಕಳೇ, ಇವರೇ ರೇಂಜರ್ ಅಂಕಲ್. ಗವಿ ಬಗ್ಗೆ ಹೇಳ್ತಾರೆ, ಬರ್ಕೊಳ್ಳಿ” ಎಂದರು ಟೀಚರು.

ಬೇರೆ ದಾರಿಯಿರಲಿಲ್ಲ. ರೇಂಜರು ಮೇಲೆ ನೋಡುತ್ತಲೇ ಶುರು ಮಾಡಿದರು. “ಮಕ್ಕಳೇ, ಇಲ್ಲಿರೋ ಯಾವ ಕಲ್ಲನ್ನೂ ಯಾರೂ ಮುಟ್ಟಬಾರದು.”

ಎರಡು ಜಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು. “ನೀವು ಮುಟ್ಟಿದ್ದೀರಲ್ಲ ಅಂಕಲ್?”

“ನಾನು... ಅಳತೆ ತಗೋತಿದ್ದೀನಮ್ಮ.”

“ಟೇಪ್ ಎಲ್ಲಿ?”

“ಗೇಣಲ್ಲಿ.”

“ಗೇಣಲ್ಲಾದ್ರೆ ಕೈ ಆಡಿಸ್ಬೇಕಲ್ವಾ?”

ಹಿಂದಿನಿಂದ ಮೇಸ್ತ್ರಿ, “ಪಾಪು ಕೇಳ್ತಿದೆ, ಹೇಳಿ ಸಾಹೇಬ್ರೇ” ಎಂದ. ರೇಂಜರ ಮೂಗು ತುರಿಸತೊಡಗಿತು. ಚಾವಣಿಯ ನೀರು ತೊಟ್ಟು ತೊಟ್ಟಾಗಿ ಅಂಗೈ ದಾಟಿ ತೋಳಿನೊಳಗೆ ಇಳಿಯತೊಡಗಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಟಿಕೆಟ್ ಅಕ್ಕ ಕೇಳದೆಯೇ ಅದನ್ನು ತೆಗೆದು ಅವರ ಕಿವಿಗೆ ಹಿಡಿದಳು.

“ರೀ, ಅಲ್ಲಿರೋ ದೊಡ್ಡ ಟ್ರಂಕು ತರ್ತೀರೋ ಬಿಟ್ಟು ಬರ್ತೀರೋ? ಇಲ್ಲಿ ಜಾಗ ಮಾಡ್ಬೇಕು.”

“ಕೈ ಖಾಲಿ ಇಲ್ಲ ಕಣೇ, ಆಮೇಲೆ ಹೇಳ್ತೀನಿ.”

“ಪ್ಯಾಕಿಂಗ್ ಆಗ್ಲೇ ಶುರು ಮಾಡಿದ್ರಾ!” ಎಂದು ಅವಳು ಖುಷಿಯಿಂದ ಫೋನಿಟ್ಟಳು. ರೇಂಜರು ಸೊಂಡಿಲನ್ನು ಇನ್ನಷ್ಟು ಒತ್ತಿ ಹಿಡಿದರು.

ಮಕ್ಕಳು ಹೋದರು. ಅರ್ಧ ಗಂಟೆ ಮುಗಿಯಿತು. ರೇಂಜರು ಉಸಿರು ಬಿಗಿಹಿಡಿದು ಒಂದೊಂದೇ ಬೆರಳು ಬಿಟ್ಟರು. ಸೊಂಡಿಲು ನಿಂತಿತು! ಅಂಟಿಸಿದ ಕಡೆ ಒಂದು ತೆಳು ಬಿಳಿ ಗೆರೆ, ಅಷ್ಟೇ. ಮೇಸ್ತ್ರಿಯೂ ತಲೆದೂಗಿ, “ಪರವಾಗಿಲ್ಲ, ಡಾಕ್ಟರಿಗೆ ಕೈಕಸುಬು ಗೊತ್ತು” ಎಂದು ಒಪ್ಪಿಕೊಂಡ. ಅದೇ ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದಾಯಿತು.

ದೊಡ್ಡ ಸಾಹೇಬರು ಆರಡಿ ಮೀರಿದ ಆಳು, ಹದ್ದಿನ ಕಣ್ಣಿನವರು ಎಂದು ಹೆಸರಾದವರು. ಅವರು ಬೇರೆ ಯಾವುದನ್ನೂ ನೋಡಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ರೇಂಜರೊಬ್ಬರನ್ನೇ ಕರೆದುಕೊಂಡು ನೆಟ್ಟಗೆ ಸೊಂಡಿಲಿನ ಹತ್ತಿರ ಬಂದು ಟಾರ್ಚು ಬಿಟ್ಟರು. ಬೆಳಕನ್ನು ತುದಿಯಿಂದ ಬುಡದವರೆಗೆ ನಿಧಾನವಾಗಿ ಆಡಿಸಿದರು. ಕೊನೆಗೆ ಕೇಳಿದರು.

“ಏನ್ರೀ ಅಂಟಿಸಿದ್ದು?”

ರೇಂಜರು ಕೈಕಟ್ಟಿ ನಿಂತರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಫೋನಿನಿಂದ ಡಾಕ್ಟರವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. “ತಪ್ಪಾಯ್ತು ಸಾರ್. ಏನು ಶಿಕ್ಷೆ ಕೊಟ್ರೂ ಸರಿ. ಸಾವಿರಾರು ವರ್ಷದ್ದನ್ನ ಹಾಳು ಮಾಡ್ಬಿಟ್ಟೆ.”

ದೊಡ್ಡ ಸಾಹೇಬರು ಜೇಬಿನಿಂದ ಚಾಕು ತೆಗೆದು ಸೊಂಡಿಲನ್ನು ಕೆರೆಯತೊಡಗಿದರು.

“ಮುಟ್ಬೇಡಿ!” ಎಂದು ಕೂಗಿದ ರೇಂಜರು ನಾಲಿಗೆ ಕಚ್ಚಿಕೊಂಡರು.

“ಕಿರುಚ್ಬೇಡ್ರೀ, ಇಲ್ನೋಡಿ.” ಬಿಳಿ ಗೆರೆಗೆ ಎರಡು ಬೆರಳು ಮೇಲೆ ಸುಣ್ಣದ ತೆಳು ಪದರ ಉದುರಿ, ಕೆಳಗಿನಿಂದ ಹಳದಿ ಗೆರೆಯೊಂದು ಹೊರಬಿತ್ತು. “ಇದು ನಂದು. ಸೈಕಲ್ ಪಂಕ್ಚರಿನ ಸೊಲ್ಯೂಷನ್ನು. ಇಪ್ಪತ್ತೆಂಟು ವರ್ಷ ಆಯ್ತು. ಆಗ ನಾನಿಲ್ಲಿ ಗಾರ್ಡು. ಮಗ ಹುಟ್ಟಿದ ಅಂತ ಕಾಗದ ಬಂತು, ಈ ಬಿರುಕಿನ ಬೆಳಕಲ್ಲಿ ನಿಂತು ಓದಿ ಎಗರಿದೆ.”

ಸಾಹೇಬರು ಇನ್ನಷ್ಟು ಮೇಲಕ್ಕೆ ಕೆರೆದರು. ಅಲ್ಲೊಂದು ಕರಿ ಗೆರೆ.

“ಇದು ನನ್ನ ಸಾಹೇಬ್ರದು. ಡಾಂಬರು. ಅವರಿಗೆ ಏನು ಖುಷಿಯಾಗಿತ್ತೋ ನಂಗೆ ಹೇಳ್ಲಿಲ್ಲ.”

ರೇಂಜರ ಎದೆಯ ಮೇಲಿನ ಬಂಡೆ ಇಳಿಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡರು. ತನ್ನಂತೆಯೇ ಎಗರಿದವರು, ಮನುಷ್ಯರು! ಕಣ್ಣಲ್ಲಿ ನೀರಾಡಿತು. ದೊಡ್ಡ ಸಾಹೇಬರು ಕಲ್ಲಿನ ಮೇಲೆ ಕೂತು ಫೈಲು ಬಿಚ್ಚಿ, ವರ್ಗದ ಆರ್ಡರು ಹೊರತೆಗೆದು ಪೆನ್ನಿನ ಮುಚ್ಚಳ ತೆಗೆದರು. ಪೆನ್ನು ಕಾಗದದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವರು ಆರ್ಡರನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡರು.

“ನಿಮ್ಮ ಜಾಗಕ್ಕೆ ಹೊಸಬ ಬರ್ತಾನೆ. ಹೊಸಬರಿಗೆ ಹುರುಪು ಜಾಸ್ತಿ. ಅಳೀತಾನೆ, ಫೋಟೋ ತೆಗೀತಾನೆ, ಮೇಲಕ್ಕೆ ವರದಿ ಕಳಿಸ್ತಾನೆ. ನಿಮ್ಮ ಮಾನ, ನನ್ನ ಮಾನ ಎರಡೂ ಹೋಗುತ್ತೆ. ನನ್ನ ಸಾಹೇಬ್ರೂ ಹೀಗೇ ಯೋಚನೆ ಮಾಡಿದ್ರು. ಅವರು ನಿವೃತ್ತಿ ಆಗೋವರೆಗೂ ನನ್ನ ಇಲ್ಲಿಂದ ಬಿಡ್ಲಿಲ್ಲ. ಹನ್ನೊಂದು ವರ್ಷ.”

“ಸಾರ್... ನಿಮ್ಮ ನಿವೃತ್ತಿ ಯಾವಾಗ?” ಎಂದರು ರೇಂಜರು.

“ನಂದು ಇನ್ನು ನಾಲ್ಕೇ ವರ್ಷ. ನಿಮ್ಮ ಪುಣ್ಯ.”

ಹೋಗುವ ಮುಂಚೆ ತಪಾಸಣೆಯ ಪುಸ್ತಕದಲ್ಲಿ ಇಡೀ ಒಂದು ಪುಟ ಬರೆದರು. ಗವಿಯನ್ನು ಇಷ್ಟು ಅಕ್ಕರೆಯಿಂದ ಕಾಯುವ ಇನ್ನೊಬ್ಬ ಅಧಿಕಾರಿಯನ್ನು ತಾವು ಕಂಡಿಲ್ಲವೆಂದೂ, ಇವರು ಇಲ್ಲಿಗೆ ಅನಿವಾರ್ಯವೆಂದೂ, ಯಾವ ಕಾರಣಕ್ಕೂ ಕದಲಿಸಕೂಡದೆಂದೂ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿ, ರೇಂಜರ ಬೆನ್ನು ತಟ್ಟಿ ಜೀಪು ಹತ್ತಿದರು.

ರೇಂಜರು ಕಲ್ಲಿನ ಬಳಿಯೇ ನಿಂತಿದ್ದರು. ಫೋನು ಮತ್ತೆ ಬಂತು.

“ರೀ, ಸಾಹೇಬ್ರು ಬಂದಿದ್ರಾ? ಏನಂದ್ರು?”

“ತುಂಬಾ ಹೊಗಳಿದ್ರು ಕಣೇ. ಇಡೀ ಒಂದು ಪುಟ ಬರೆದು ಹೋದ್ರು.”

“ನಂಗೊತ್ತಿತ್ತು! ಹಾಗಾದ್ರೆ ಯಾವತ್ತು ಬರ್ತೀರಿ?”

“ಇನ್ನು ನಾಲ್ಕು ವರ್ಷಕ್ಕೆ.”

ಹೆಂಡತಿ ಮೆಲ್ಲಗೆ ಕೇಳಿದಳು:

“ಅಷ್ಟೊಂದು ಹೊಗಳೋ ಅಂಥದ್ದು ಏನು ಮಾಡಿದ್ರಿ?”