ಮಾವನ ಮನೆಯ ಡಿಸಾಸ್ಟ್ರಸ್‌ಗಳು

ಜಗತ್ತಿನಲ್ಲಿ ದಿನಕ್ಕೆ ಹತ್ತು ಮಹಾ ಅನಾಹುತಗಳು ನಡೆದರೆ, ಅವುಗಳಲ್ಲಿ ಒಂಬತ್ತು ಬಂಗಾರಪೇಟೆ ಹತ್ತಿರದ ನನ್ನ ಸೋದರಮಾವನ ಮನೆಯಲ್ಲೇ ನಡೆಯುತ್ತವೆ! ನಂಬುವುದಿಲ್ಲವೆ? ಅವನನ್ನೇ ಕೇಳಿ. ಎಂಟನೇ ಕ್ಲಾಸಿಗೆ ಓದಿಗೆ ಕೈಮುಗಿದು ದನ ಕಟ್ಟಿದ ಮಾವನಿಗೆ, ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಯ ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ‘ಡಿಸಾಸ್ಟ್ರಸ್’ ಎಂಬ ಪದ ಸಿಕ್ಕಿತು. ಪಕ್ಕದವರನ್ನು ಕೇಳಿ ‘ಮಹಾ ಅನಾಹುತ’ ಎಂಬ ಅರ್ಥವನ್ನೂ ತಿಳಿದುಕೊಂಡ. ಅಂದಿನಿಂದ ನಮಗಾರಿಗೂ ನೆಮ್ಮದಿಯಿಲ್ಲ.

ಚಪ್ಪಲಿಯ ಉಂಗುಷ್ಟ ಕಿತ್ತರೆ ಡಿಸಾಸ್ಟ್ರಸ್! “ಬಸ್ಸು ಒಂಟೋಯ್ತು, ಡಿಸಾಸ್ಟ್ರಸ್ ಕಣ್ಲಾ!” ಎಂದು ನನ್ನ ಹೆಗಲು ಅಲುಗಾಡಿಸುತ್ತಾನೆ. ಹಿಂದೆಯೇ ಇನ್ನೊಂದು ಬಸ್ಸು ಬರುತ್ತಿರುತ್ತದೆ.

“ಸಾರು ಡಿಸಾಸ್ಟ್ರಸ್ ಕಣೇ,” ಎಂದ ಒಮ್ಮೆ ಅತ್ತೆಗೆ.

“ಅಂಗಾದ್ರೆ ಮೂರ್ನೇ ಸಲ ಯಾಕ್ ಆಕಿಸ್ಕೊಂಡ್ರಿ?” ಅತ್ತೆಯೇನು ಕಡಿಮೆಯೆ!

ಎಲ್ಲರಿಗಿಂತ ಹೆಚ್ಚು ಪಾಡುಪಟ್ಟವರು ದನದ ಡಾಕ್ಟರು. ಮಾವನ ಮುದ್ದಿನ ಹಸು ಗೌರಿ ಸೀನಿದರೆ ‘ಡಿಸಾಸ್ಟ್ರಸ್’ ಎಂದು ಫೋನು, ಒಂದು ಹಿಡಿ ಮೇವು ಬಿಟ್ಟರೆ ಫೋನು. ಡಾಕ್ಟರು ಊಟ ಬಿಟ್ಟು ಬೈಕಿನಲ್ಲಿ ಓಡಿಬಂದರೆ ಗೌರಿ ಆರಾಮಾಗಿ ಮೆಲುಕು ಹಾಕುತ್ತಿರುತ್ತಿತ್ತು. ಕಡೆಗೆ ಅವರೂ ಸಿಟ್ಟಾದರು. “ಯಜಮಾನ್ರೇ, ಇನ್ನೊಂದ್ಸಲ ಆ ಪದ ಕೇಳಿದ್ರೆ ಫೋನ್ ಇಟ್ಬಿಡ್ತೀನಿ!”

ಕಳೆದ ತಿಂಗಳು ನಾನು ಅಲ್ಲಿದ್ದೆ. ಬೆಳಿಗ್ಗೆ ಮಾವ ಉಳಿದ ಹಸುಗಳ ಹಾಲನ್ನು ಡೈರಿಗೆ ಹಾಕಿ ಬರುವಷ್ಟರಲ್ಲಿ ಗೌರಿಗೆ ಹೆರಿಗೆ ನೋವು. ಚೊಚ್ಚಲು ಬೇರೆ. ಕರುವಿನ ಒಂದು ಕಾಲು ಹೊರಬಂತು. ಅದರ ಜೊತೆಗೇ ಬರಬೇಕಾದ ಇನ್ನೊಂದು ಕಾಲೂ ಇಲ್ಲ, ಮುಖವೂ ಇಲ್ಲ. ಗಂಟೆ ಕಳೆಯಿತು. ಗೌರಿ ಒದ್ದಾಡುವುದನ್ನೂ ಬಿಟ್ಟು ಕತ್ತು ಚಾಚಿ ಮಲಗಿಬಿಟ್ಟಿತು.

ಮಾವ ಫೋನು ಒತ್ತಿದ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಬಾಯಿತಪ್ಪಿ ಆ ಪದ ಬಂದರೆ? ಡಾಕ್ಟರು ಫೋನ್ ಇಟ್ಟುಬಿಟ್ಟರೆ ಗತಿಯೇನು?

“ಸಾರ್,” ಎಂದ ಮಾವ ಮೆಲ್ಲಗೆ. “ನಮ್ ಗೌರಿ ಕಣ್ ಬಿಡ್ತಿಲ್ಲ. ಬನ್ನಿ ಸಾರ್.”

ಆ ಕಡೆಯಿಂದ ಡಾಕ್ಟರು, “ಬಿಸಿನೀರು ಇಡಿ, ಬಂದೆ.”

ಡಾಕ್ಟರು ಒಳಗೆ ಕೈಹಾಕಿ, ಮಡಚಿಕೊಂಡಿದ್ದ ಕಾಲನ್ನು ಹುಡುಕಿ ನೇರ ಮಾಡಿದರು. ಗೌರಿ ತಿಣುಕಿದಾಗಲೆಲ್ಲ ನಾವು ಕರುವಿನ ಕಾಲಿಗೆ ಕಟ್ಟಿದ ಹಗ್ಗ ಎಳೆದೆವು. ಕರು ನೆಲಕ್ಕೆ ಬಿತ್ತು, ಉಸಿರಿಲ್ಲ! ಮಾವ ಅದರ ಮೂಗಿನ ಲೋಳೆ ತೆಗೆದು, ಒಣಹುಲ್ಲಿನಿಂದ ಮೈ ಉಜ್ಜಿದ, ಉಜ್ಜುತ್ತಲೇ ಇದ್ದ. ಕಡೆಗೂ ಕರು ಕೆಮ್ಮಿ ಉಸಿರೆಳೆಯಿತು. ಗೌರಿ ಕತ್ತೆತ್ತಿ ನೋಡಿತು.

ಕೈ ತೊಳೆಯುತ್ತಾ ಡಾಕ್ಟರು ಕೇಳಿದರು: “ಏನ್ ಯಜಮಾನ್ರೇ, ಇವತ್ತು ನಿಮ್ ಡಿಸಾಸ್ಟ್ರಸ್ ಎಲ್ಲೋಯ್ತು?”

“ಇವತ್ತು ಅಂದ್ಬಿಟ್ರೆ ನಿಜ ಆಗೋಯ್ತದೇನೋ ಅಂತ ಬಯ ಆಯ್ತು ಸಾರ್.”

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವರ ಕೈಗೆ ನೀರು ಹಾಕುತ್ತಿದ್ದ ಮಾವ ಮತ್ತೆ ಮತ್ತೆ ಗೌರಿಯ ಕಡೆಗೇ ತಿರುಗುತ್ತಿದ್ದ; ನೀರು ನೆಲಕ್ಕೆ ಬೀಳುತ್ತಿತ್ತು. ಹತ್ತಿರ ಹೋಗಿ ಚೊಂಬನ್ನು ನಾನು ತೆಗೆದುಕೊಂಡೆ.