ಒಂದು ಒಲೆಗೆ ಒಂದು ಕೊಡ

ಬುದ್ಧಿ ಹೆಚ್ಚಾದವರಿಗೆ ಈ ಲೋಕದಲ್ಲಿ ನೆಮ್ಮದಿಯಿಲ್ಲ, ನನ್ನನ್ನೇ ನೋಡಿ. ರಾಜಾಜಿನಗರದಲ್ಲಿ ಒಂದು ಮಹಡಿಯ ಮೇಲೆ ನಡೆಯುವ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆ. ಇಡೀ ಕ್ಲಾಸಿಗೆ ಒಂದೇ ಕಂಪ್ಯೂಟರ್, ಅದರ ರೂಮಿಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಒಂದೇ ಹೆಸರು ಎರಡು ಸಲ ಬಂದರೆ ತೆಗೆದುಹಾಕುವ ಪ್ರೋಗ್ರಾಮಿಗೆ ನಾನು ‘ಹೀಗಿದ್ದರೆ ಹಾಗೆ, ಹಾಗಿಲ್ಲದಿದ್ದರೆ ಹೀಗೆ’ ಎಂದು ಹಾಳೆ ತುಂಬ ಷರತ್ತು ಬರೆದಿದ್ದೆ. ಮೇಷ್ಟ್ರು ಎಲ್ಲ ಹೊಡೆದುಹಾಕಿ, “ಈ ಹೆಸರು ಆಗ್ಲೇ ಬಂದಿದ್ಯಾ ಅಂತ ಒಂದೇ ಒಂದು ಪ್ರಶ್ನೆ ಕೇಳಪ್ಪ, ಸಾಕು” ಎಂದರು. ಆ ಒಂದು ಮಾತು ಹಿಡಿದುಕೊಂಡು ನಮ್ಮ ವಿಜಯನಗರದ ವಠಾರವನ್ನು ಉದ್ಧಾರ ಮಾಡಲು ಹೊರಟೆ.

ವಠಾರಕ್ಕೆಲ್ಲ ಇರುವುದು ಒಂದು ನಲ್ಲಿ. ಅದು ನಿಲ್ಲುವುದರೊಳಗೆ ಪ್ರತಿ ಮನೆಗೂ ನೀರು ಸಿಗಬೇಕು. ಆದರೆ ಸಾಲಿನಲ್ಲಿ ಅದೇ ಮನೆಯ ಎರಡನೇ ಕೊಡ ನುಸುಳುತ್ತಿತ್ತು. ಮಗು ಇದ್ದರೆ ಬಿಡಬೇಕು, ನೆಂಟರು ಬಂದಿದ್ದರೆ ಬಿಡಬೇಕು, ಬಂದ ನೆಂಟರು ಹೊರಡದಿದ್ದರೆ ಅಯ್ಯೋ ಪಾಪ ಎಂದು ಬಿಡಬೇಕು. ನಮ್ಮ ಡಬ್ಬಿ ಕಟ್ಟಿ ಅಮ್ಮ ಬರುವ ಹೊತ್ತಿಗೆ ಸಾಲು ಗೇಟು ಮುಟ್ಟಿರುತ್ತಿತ್ತು. ಅವಳ ಸರದಿಗೆ ನಲ್ಲಿ ಬರೀ ಗಾಳಿ ಊದುತ್ತಿತ್ತು.

ಒಂದು ಬೆಳಿಗ್ಗೆ ನಾನು ನಲ್ಲಿಕಟ್ಟೆ ಹತ್ತಿದೆ. “ಷರತ್ತೆಲ್ಲ ಕ್ಯಾನ್ಸಲ್. ಈ ಒಲೆಗೆ ಆಗ್ಲೇ ನೀರು ಹೋಗಿದ್ಯಾ? ಹೋಗಿದ್ರೆ ಕೊಡ ಹಿಂದಕ್ಕೆ.” ಮನೆ ಎನ್ನದೆ ಒಲೆ ಎಂದದ್ದು ನನ್ನ ದೂರದೃಷ್ಟಿ, ಎದುರಿನ ಅಣ್ಣತಮ್ಮಂದಿರಿಗೆ ಬಾಗಿಲು ಒಂದು, ಅಡಿಗೆ ಬೇರೆ ಬೇರೆ.

“ಮೂತಿ ನೋಡು, ಇಂಜಿನಿಯರ್ ಸಾಹೇಬ್ರದ್ದು” ಎಂದು ಪಕ್ಕದ ಮನೆಯ ಪದ್ಮಾ ಆಂಟಿ ಗೊಣಗಿದರು. ಆದರೂ ಕೊಡ ಹಿಂದಕ್ಕೆ ಇಟ್ಟರು. ಅಂದು ನಮಗೂ ನೀರು ಸಿಕ್ಕಿತು. ಅಮ್ಮ ನನ್ನ ದೋಸೆಗೆ ಬೆಣ್ಣೆ ಹಾಕಿದಳು.

ಮಾರನೇ ದಿನ ಪದ್ಮಾ ಆಂಟಿಯದು ಮತ್ತೆ ಎರಡು ಕೊಡ. “ನಮ್ಮತ್ತೆಗೆ ಬೇರೆ ಸ್ಟೌ ಹಚ್ಕೊಟ್ಟಿದೀನಿ ಕಣೋ. ಡೌಟಿದ್ರೆ ಒಳಗ್ ಬಂದು ನೋಡು.” ಹೋಗಿ ನೋಡಿದೆ. ಅತ್ತೆ ಸ್ಟೌ ಮುಂದೆ ಕೂತು, ಯಾವ ಅವಸರವೂ ಇಲ್ಲದೆ, ಅರ್ಧ ಲೋಟ ಹಾಲು ಕಾಯಿಸುತ್ತಿದ್ದರು. ಒಂದು ವಾರದಲ್ಲಿ ವಠಾರದ ಅತ್ತೆಯರೆಲ್ಲ ಬೇರೆಯಾದರು. ನಲ್ಲಿ ಮತ್ತೆ ಅಮ್ಮನಿಗೆ ಗಾಳಿ ಊದಿತು.

“ಅವರಿಗಿಂತ ನಾನೇನು ಕಮ್ಮಿ? ಆ ಹಳೇ ಸ್ಟೌ ಇಳಿಸೋ” ಎಂದಳು ನಮ್ಮಜ್ಜಿ.

“ಒಂದು ಕೊಡ ನೀರಿಗೆ ಮನೆ ಒಡೆದ್ಯಲ್ಲೋ” ಎಂದು ಅಮ್ಮ ಕಣ್ಣೊರೆಸಿಕೊಂಡಳು. ಎರಡು ದಿನ ಅಷ್ಟೇ. ಆಮೇಲೆ ಅಜ್ಜಿ ತನ್ನ ಸಾರಿಗೆ ಮನಸಾರೆ ಹುಳಿ ಹಿಂಡಿಕೊಂಡಳು, ಅಮ್ಮ ಹುಳಿ ಕಮ್ಮಿ ಮಾಡಿಕೊಂಡು ಗುನುಗತೊಡಗಿದಳು. ಇಬ್ಬರೂ ಇಷ್ಟು ನಗುನಗುತ್ತ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ನೀರಿನ ಚಿಂತೆಯೂ ತೀರಿದೆ. ವಠಾರ ಏಳುವ ಮುಂಚೆ ನನ್ನನ್ನು ಎಬ್ಬಿಸಿ, ಕೈಗೊಂದರಂತೆ ಎರಡು ಕೊಡ ಕೊಟ್ಟು ಇಬ್ಬರೂ ನಲ್ಲಿಗೆ ಅಟ್ಟುತ್ತಾರೆ. ಅಜ್ಜಿಯದು ತುಂಬಿಸಿ ತಂದರೆ, “ನಿಮ್ಮಮ್ಮಂದೂ ತಾರೋ”, ಅಮ್ಮನದು ಇಳಿಸಿದರೆ ಅಮ್ಮ, “ಇನ್ನೂ ಯಾರೂ ಎದ್ದಿಲ್ಲ, ಅಜ್ಜಿ ಬಚ್ಚಲಿಗೊಂದು.” ಒಂದೇ ಮನೆಯಲ್ಲಿ ಎರಡೆರಡು ಇರಬಾರದೆಂದು ಊರಿಗೆ ಪಾಠ ಹೇಳಿದವನು ಈಗ ಸೊಂಟ ಹಿಡಿದುಕೊಂಡು ಯೋಚಿಸುತ್ತೇನೆ: ನನ್ನಂಥವನೇ ಇನ್ನೊಬ್ಬ ಈ ಮನೆಯಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.