ಬಾಣಂತಿ ಕೋಣೆಯ ಗೇಮ್ ಡಬ್ಬ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ರಿಪೇರಿ ಅಂಗಡಿ. ಮಿಕ್ಸಿ, ಟಿವಿ, ಇತ್ತೀಚೆಗೆ ಟಿವಿಗೆ ಹಾಕಿ ಆಡೋ ಗೇಮ್ ಡಬ್ಬ. ಈ ಡಬ್ಬಗಳಿಗೆ ಬರೋ ಕಾಯಿಲೆ ಹೆಚ್ಚುಕಮ್ಮಿ ಒಂದೇ. ಒಳಗೆ ಬಿಸಿ ಏರಿ, ಆಡ್ತಾ ಆಡ್ತಾ ಗಪ್ ಅಂತ ಆರಿಹೋಗೋದು. ಔಷಧಾನೂ ಸುಲಭ. ಕಷ್ಟ ಇರೋದು ಅದನ್ನ ಬಾಯಲ್ಲಿ ಹೇಳೋದ್ರಲ್ಲಿ. ನಾನು ಒಂದು ಹೇಳ್ತೀನಿ, ಜನ ಇನ್ನೊಂದು ಮಾಡ್ಕೊಂಡು ಬರ್ತಾರೆ. ದಿನಾ ಇದ್ದದ್ದೇ. ಆದ್ರೆ ನಿವೃತ್ತ ಕನ್ನಡ ಮೇಷ್ಟ್ರ ಮನೆ ಡಬ್ಬ ಇದೆಯಲ್ಲ, ಅದೊಂದೇ ನನ್ನ ಜೀವ ಹಿಂಡಿಬಿಡ್ತು.

ಹಲ್ಲು

ಮೇಷ್ಟ್ರ ಮಗಳನ್ನ ಸೊರಬಕ್ಕೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಬಟ್ಟೆಬರೆ ಜೊತೆ ಗೇಮ್ ಡಬ್ಬಾನೂ ತಂದಿದ್ದಳು. ಬಂದ ವಾರದಲ್ಲೇ ಹೆಸರಿನ ಜಗಳ ಶುರು. ಗಿರಿಜಾ ಅಂತ ತನ್ನ ತಾಯಿ ಹೆಸರಿಡಬೇಕು ಅಂತ ಮೇಷ್ಟ್ರ ಹೆಂಡತಿ. ಉಹೂಂ, ರೇಣುಕಾ ಅಂತ ಮನೆದೇವರ ಹೆಸರೇ ಆಗಬೇಕು ಅಂತ ಸೊರಬದ ಬೀಗಿತ್ತಿ. ಗಂಡು ಹುಟ್ಟಿದ್ರೆ ಏನು ಅಂತ ಇಬ್ಬರೂ ಯೋಚನೆ ಮಾಡಿರಲಿಲ್ಲ. ಮಗಳು ರೋಸಿಹೋಗಿ, "ನಾಮಕರಣದ ದಿನ ಇಬ್ರೂ ಕಾರ್ ರೇಸ್ ಆಡಿ. ಗೆದ್ದೋರು ಹೆಸರಿಡಿ," ಅಂದುಬಿಟ್ಟಳು. ಅಂದಿದ್ದು ತಮಾಷೆಗೆ. ಇಬ್ಬರೂ ಹೂಂ ಅನ್ನಬೇಕಾ!

ಅವತ್ತಿಂದ ಮೇಷ್ಟ್ರ ಹೆಂಡತಿ ಸಾರು ಒಲೆ ಮೇಲಿಟ್ಟು ಅಭ್ಯಾಸಕ್ಕೆ ಕೂತರು. ಬೀಗಿತ್ತಿ ಭಾನುವಾರ ಭಾನುವಾರ ಬಸ್ಸಲ್ಲಿ ಬಂದು ಆಡಿ ಹೋಗೋರು. ಡಬ್ಬಕ್ಕೆ ಪುರುಸೊತ್ತೇ ಇಲ್ಲ. ಒಂದಿನ ಮೇಷ್ಟ್ರ ಫೋನು. "ಪೆಟ್ಟಿಗೆ ಪದೇ ಪದೇ ಆರಿಹೋಗ್ತಿದೆಯಪ್ಪಾ."

"ಕೂಲಿಂಗ್ ಸಾಲ್ತಿಲ್ಲ ಸರ್," ಅಂದೆ.

"ಕೂಲಿಂಗ್ ಅಲ್ಲ, ಶೀತಲೀಕರಣ ಅನ್ನು." ನನಗೆ ಏಳನೇ ಕ್ಲಾಸಲ್ಲಿ ಪಾಠ ಹೇಳಿದವರು, ತಿದ್ದೋದು ಇನ್ನೂ ಬಿಟ್ಟಿಲ್ಲ.

"ಆಯ್ತು ಸರ್. ಒಳಗೆ ಪೇಸ್ಟ್ ಒಣಗಿರತ್ತೆ, ಹೊಸ ಪೇಸ್ಟ್ ಹಚ್ಚಬೇಕು." ತಗೊಂಡು ಬನ್ನಿ ಅನ್ನೋದ್ರೊಳಗೆ ಫೋನ್ ಇಟ್ಟಾಗಿತ್ತು.

ಮಾರನೇ ದಿನ ಡಬ್ಬ ಹಿಡಿದು ಬಂದ್ರು. ಬಿಚ್ಚಿದೆ. ಲವಂಗದ ವಾಸನೆ ಘಮ್ ಅಂತ ಮೂಗಿಗೆ ಹೊಡೀತು. ಬಿಸಿ ಹೊರಗೆ ಹೋಗಲಿ ಅಂತ ಒಳಗೆ ಬಾಚಣಿಗೆ ಹಲ್ಲಿನ ಹಾಗೆ ತಗಡಿನ ಸಾಲು ಇರತ್ತೆ. ಅದರ ಸಂದಿಸಂದಿಗೂ ಬೆಳ್ಳಗೆ ನೊರೆ ಒಣಗಿದೆ.

"ಸರ್, ನಾನು ಹೇಳಿದ್ದು ಬಿಸಿ ಎಳೆಯೋ ಪೇಸ್ಟು, ಇದು ಹಲ್ಲುಜ್ಜೋ ಪೇಸ್ಟು!"

"ಮತ್ತೆ? ಒಳಗೆ ಸಾಲಾಗಿ ಹಲ್ಲಿತ್ತಲ್ಲ," ಅಂದ್ರು ಮೇಷ್ಟ್ರು. ನನ್ನ ಮುಖ ನೋಡಿ ಏನೋ ತಪ್ಪಾಗಿದೆ ಅನ್ನಿಸಿರಬೇಕು. ದನಿ ಇಳಿಸಿ ಹೇಳಿದ್ರು, "ಮೇಲಿಂದ ಕೆಳಕ್ಕೇ ಉಜ್ಜಿದೀನಪ್ಪಾ. ಅಡ್ಡಡ್ಡ ಉಜ್ಜಿಲ್ಲ."

ಥಂಡಿ

ಹೆಣ್ಣು ಮಗು ಆಯ್ತು. ಹೆಸರಿನ ಪಂದ್ಯ ಈಗ ಖಾಯಂ. ಅಷ್ಟರಲ್ಲಿ ಡಬ್ಬ ಮತ್ತೆ ಕೈಕೊಡ್ತು. ಈ ಸಲ ಫೋನಲ್ಲಿ ಏನೂ ಹೇಳಲ್ಲ ಅಂತ ನಾನೇ ಮನೆಗೆ ಹೋದೆ.

ಬಾಣಂತಿ ಕೋಣೆ. ಬಾಗಿಲು ಮುಚ್ಚಿದೆ, ಕಿಟಕಿ ಸಂದಿಗೆ ಬಟ್ಟೆ ತುರುಕಿದೆ, ಫ್ಯಾನ್ ಹಾಕೋ ಹಾಗಿಲ್ಲ. ಮಂಚದ ಕೆಳಗೆ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಒಳಗೆ ಕಾಲಿಟ್ಟ ಕೂಡ್ಲೇ ನಾನೇ ಆರಿಹೋಗೋ ಹಾಗಾಯ್ತು.

"ಡಬ್ಬ ಎಲ್ಲಿ ಅಮ್ಮಾ?"

ಮೇಷ್ಟ್ರ ಹೆಂಡತಿ ಮೂಲೆ ತೋರಿಸಿದ್ರು. ಅಲ್ಲಿ ಎರಡು ಗಂಟು. ಒಂದರೊಳಗೆ ಮಗು, ಇನ್ನೊಂದರೊಳಗೆ ಡಬ್ಬ. ಉಣ್ಣೆ ಶಾಲು ಹೊದಿಸಿ, ಮೇಲೆ ಮಫ್ಲರ್ ಸುತ್ತಿ ಗಂಟು ಹಾಕಿದ್ರು. ಬಿಚ್ಚಿದ್ರೆ ಒಳಗಿನ ಪುಟಾಣಿ ಫ್ಯಾನು ಸಾಂಬ್ರಾಣಿ ಹೊಗೆಯೆಲ್ಲ ಎಳೆದು ಕಪ್ಪಗೆ ಕೂತಿದೆ.

"ಅಯ್ಯೋ, ಇದಕ್ಯಾಕೆ ಅಮ್ಮಾ ಮಫ್ಲರು? ಇದು ಹೆತ್ತಿಲ್ಲ!"

"ಹಂಗಲ್ಲಪ್ಪಾ," ಅಂದ್ರು ಅವರು. "ಮೂರು ದಿನದಿಂದ ಒಂದೇ ಸಮ ಗುಂಯ್ ಗುಂಯ್ ಅಂತ ನರಳ್ತಿತ್ತು. ಮೈಗೆ ಗಾಳಿ ಸೇರೈತಿ ಅಂದ್ಕೊಂಡೆ."

ನೆತ್ತಿ

ಆಮೇಲೆ ಸೊರಬದ ಬೀಗಿತ್ತಿ ಸೀದಾ ನನ್ನ ಅಂಗಡಿಗೇ ಬಂದ್ರು. ಕೈಯಲ್ಲಿ ಛತ್ರಿ, ಕಣ್ಣಲ್ಲಿ ಅನುಮಾನ.

"ಎಂತ ಮಾರಾಯಾ, ನಾನು ಮುಂದಿದ್ದಾಗ್ಲೇ ಇದು ಆರ್ತದಲ್ಲ! ನೀನೂ ಇದೇ ಊರಿನವ. ಅವ್ರ ಕಡೆನಾ?"

ದೇವರಾಣೆ ಇಲ್ಲ ಅಂದೆ. ನಾಮಕರಣದ ದಿನ ನಾನೇ ಬಂದು ಡಬ್ಬದ ಪಕ್ಕ ಕೂತಿರ್ತೀನಿ ಅಂತ ಮಾತು ಕೊಟ್ಟೆ. ಎಂಥಾ ಹುಚ್ಚು ನನಗೆ! ನಾಮಕರಣದ ಬೆಳಿಗ್ಗೆ ಜಾಗ್ರತೆಗೆ ಅಂತ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದೆ. ಈ ಸಲ ಪೇಸ್ಟ್ ಬೇಡ, ಇಂಗ್ಲಿಷೇ ಬೇಡ, ಅಚ್ಚಗನ್ನಡದಲ್ಲಿ ಹೇಳೋಣ ಅಂತ, "ಅಮ್ಮಾ, ಅದಕ್ಕೆ ಉಷ್ಣ ಜಾಸ್ತಿ. ನಾನು ಬರೋ ತನಕ ತಂಪು ಮಾಡಿಡಿ," ಅಂದೆ.

ಹೋಗಿ ನೋಡ್ತೀನಿ, ಡಬ್ಬ ಪಳಪಳ ಹೊಳೀತಿದೆ. ಗಾಳಿ ಆಡೋ ತೂತುಗಳೆಲ್ಲ ಮುಚ್ಚಿವೆ.

"ನೆತ್ತಿಗೆ ಹರಳೆಣ್ಣೆ ತಟ್ಟೀನಿ," ಅಂದ್ರು ಮೇಷ್ಟ್ರ ಹೆಂಡತಿ ಹೆಮ್ಮೆಯಿಂದ. "ಎಳನೀರೂ ತರಿಸಿದ್ದೆ. ಬಾಯಿ ಎಲ್ಲೈತಿ ಅಂತ ಗೊತ್ತಾಗ್ಲಿಲ್ಲ."

ಹೆಸರು

ಎಣ್ಣೆ ಒರೆಸಿ ಒರೆಸಿ ನನ್ನ ಕೈ ಜಿಡ್ಡಾಯ್ತು. ಡಬ್ಬದ ಮುಚ್ಚಳ ತೆಗೆದು, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು, ಕೈಮುಗಿದು ಆನ್ ಮಾಡಿದೆ. ನಡುಮನೆ ತುಂಬಾ ನೆಂಟರು. ತೊಟ್ಟಿಲ ಹತ್ರ ಮಗುವಿನ ಸೋದರತ್ತೆ, ಅಂದ್ರೆ ಸೊರಬದ ಬೀಗಿತ್ತಿ ಮಗಳು, ಬಗ್ಗಿ ಕೂತಿದ್ದಳು. ಯಾರು ಗೆದ್ದು ಯಾವ ಹೆಸರು ಹೇಳ್ತಾರೋ ಅದನ್ನ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳೋದು ಅವಳ ಕೆಲಸ.

ರೇಸ್ ಶುರು. ಮೇಷ್ಟ್ರ ಹೆಂಡತಿ ತಿರುವು ಬಂದ ಕಡೆಗೆಲ್ಲ ತಾವೂ ವಾಲ್ತಾರೆ. ಬೀಗಿತ್ತಿ ಸೆರಗು ಸಿಕ್ಕಿಸಿ, "ಆಚೆ ಸರಿಯೇ ಬೀಗ್ತೀ, ಆಚೆ ಸರಿ!" ಅಂತ ಕೂಗ್ತಾರೆ. ಹಾರ್ನ್ ಎಲ್ಲಿದೆ ಅಂತ ಬೇರೆ ನನ್ನ ಕೇಳಿದ್ರು. ಕೊನೇ ಸುತ್ತು. ಎರಡೂ ಕಾರು ಅಕ್ಕಪಕ್ಕ. ಡಬ್ಬ ವಿಮಾನದ ಹಾಗೆ ಮೊರೀತಿದೆ. ಗೆರೆ ಇನ್ನೇನು ಬಂತು ಅನ್ನುವಾಗ... ಗಪ್!

ಆಮೇಲೆ ನೋಡಬೇಕಿತ್ತು ಗಲಾಟೆ. "ನಾನು ಮುಂದಿದ್ದೆ!" "ಏ, ನಿನ್ನ ಕಾರಿನ ಮೂತಿ ಹಿಂದೈತಿ!" "ನಾ ಹೇಳ್ಲಿಲ್ವಾ, ಇವ ಅವ್ರ ಕಡೆಯವ!" ಪುರೋಹಿತರು ಗಡಿಯಾರ ತೋರಿಸಿ, "ಮುಹೂರ್ತ ಮೀರ್ತಿದೆ, ಬೇಗ ಹೆಸರು ಹೇಳ್ರೀ," ಅಂತ ಅರಚ್ತಿದ್ದಾರೆ. ಅದೇ ಹೊತ್ತಿಗೆ ಮೇಷ್ಟ್ರು ನನ್ನ ಕಡೆ ತಿರುಗಿ, "ಏನಾಯ್ತೋ?" ಅಂದ್ರು.

"ಕೂಲಿಂಗ್ ಸಾಲಲಿಲ್ಲ ಸರ್."

ಮೇಷ್ಟ್ರು ತಿದ್ದದೇ ಬಿಡ್ತಾರಾ? ಗಲಾಟೆಯಲ್ಲಿ ಕೇಳಿಸಲಿ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ರು.

"ಶೀತಲ..."

ಅಷ್ಟರಲ್ಲಿ ಕೆಮ್ಮು ಬಂತು. "ಈಕರಣ" ಗಂಟಲಲ್ಲೇ ಉಳೀತು. ಹೆಸರಿಗೇ ಕಾದಿದ್ದ ಸೋದರತ್ತೆ ಸಟಕ್ಕನೆ ತೊಟ್ಟಿಲಿಗೆ ಬಗ್ಗಿ, ಶೀತಲ, ಶೀತಲ, ಶೀತಲ ಅಂತ ಮೂರು ಸಲ ಹೇಳಿ ಮುಗಿಸಿಬಿಟ್ಟಳು!

ಕಿವಿಯಲ್ಲಿ ಹೇಳಿದ ಹೆಸರನ್ನ ವಾಪಸ್ ತಗೊಳ್ಳೋಕೆ ಆಗತ್ತಾ? ಬೀಗಿತ್ತಿಯರು ಮುಖ ಮುಖ ನೋಡ್ಕೊಂಡ್ರು. ಗಿರಿಜಾ ಅಲ್ಲ, ರೇಣುಕಾನೂ ಅಲ್ಲ. ಯಾರೂ ಗೆಲ್ಲಲಿಲ್ಲ, ಅದೇ ಇಬ್ಬರಿಗೂ ಸಮಾಧಾನ. "ಚಲೋ ಐತಿ ಬಿಡು," ಅಂದ್ರು ಮೇಷ್ಟ್ರ ಹೆಂಡತಿ. "ಅಡ್ಡಿಲ್ಲ ಮಾರಾಯ್ತಿ," ಅಂದ್ರು ಸೊರಬದವರು. ನನಗೆ ಎರಡು ಹೋಳಿಗೆ ಜಾಸ್ತಿ ಬಡಿಸಿದ್ರು. ಹೊಟ್ಟೆ ತುಂಬಾ ತಿಂದೆ, ನಿಜವಾಗ್ಲೂ ಖುಷಿಯಾಯ್ತು.

ಹೋದ ವಾರ ಇಬ್ಬರೂ ಬೀಗಿತ್ತಿಯರು ಕೈಕೈ ಹಿಡ್ಕೊಂಡು ಅಂಗಡಿಗೆ ಬಂದು, ಸತ್ತ ಡಬ್ಬವನ್ನ ನನ್ನ ಮೇಜಿನ ಮೇಲಿಟ್ರು.

"ಅವಸರ ಎಂತದೂ ಇಲ್ಲ ಮಾರಾಯಾ, ನಿಧಾನಕ್ಕೆ ಮಾಡು," ಅಂದ್ರು ಸೊರಬದವರು. "ಎರಡನೇ ಮಗುವಿಗೆ ಬೇಕು."

ಹಿಂದೆ ಮಗು ಎತ್ಕೊಂಡು ನಿಂತಿದ್ದ ಮೇಷ್ಟ್ರ ಮಗಳು ನನಗೆ ಕೈಮುಗಿದಳು. "ಅಣ್ಣಾ, ನಿಮ್ಮ ದಮ್ಮಯ್ಯ, ರಿಪೇರಿ ಮಾಡಬೇಡಿ!"